ಆರು ಪೈಸೆಯ ರಹಸ್ಯ

ಗ್ರಂಥಾಲಯ ಸೆಸ್ ಬಾಕಿಯ ಸುದ್ದಿ ಪೇಪರಿನಲ್ಲಿ ಮತ್ತೆ ಬಂದಿದೆ. ಮನೆ ಕಂದಾಯದ ಜೊತೆ ನಗರ ಪಾಲಿಕೆ ಬೆಂಗಳೂರಿನವರಿಂದ ವಸೂಲು ಮಾಡಿ, ಗ್ರಂಥಾಲಯ ಇಲಾಖೆಗೆ ಕೊಡದೆ ಇಟ್ಟುಕೊಂಡ ನೂರಾರು ಕೋಟಿ. ನಿಮಗೆ ಗೊತ್ತಿರುವ ಕಥೆಯೇ. ಹೋದ ಸಲದ ವರದಿ ತೆಗೆದು ಮೊತ್ತ ಮಾತ್ರ ತಿದ್ದಿ ಹಾಕಿದರೂ ಯಾರಿಗೂ ಅನುಮಾನ ಬರುವುದಿಲ್ಲ. ಆದರೂ ನಾನು ಪ್ರತಿ ಸಲ ಪೂರ್ತಿ ಓದುತ್ತೇನೆ. ಇಷ್ಟು ವರ್ಷ ಕುತೂಹಲ ಕಾಯ್ದುಕೊಂಡು ಬಂದ ಕಥೆ ಕನ್ನಡದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ಕುತೂಹಲದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಈಚೆಗೆ ಒಂದು ಸಸ್ಪೆನ್ಸ್ ಥ್ರಿಲ್ಲರನ್ನೂ ಓದಿದೆ. ನಮ್ಮ ಕಡೆಯ ಶಾಖಾ ಗ್ರಂಥಾಲಯದ ಪ್ರತಿ. ಎರಡನೇ ಪುಟದಲ್ಲೇ ಎಸ್ಟೇಟ್ ಮಾಲೀಕನ ಹೆಣ. ಸಾಲ ಮಾಡಿಕೊಂಡ ತಮ್ಮ, ವಯಸ್ಸಿನಲ್ಲಿ ತೀರಾ ಚಿಕ್ಕವಳಾದ ಎರಡನೇ ಹೆಂಡತಿ, ಮಾತೇ ಆಡದ ಅಡುಗೆಯವನು, ಎಲ್ಲರೂ ಹಾಜರ್. ಇನ್‌ಸ್ಪೆಕ್ಟರು ಪ್ರತಿ ಅಧ್ಯಾಯದ ಕೊನೆಗೆ ‘ನನಗೀಗ ಎಲ್ಲಾ ಅರ್ಥವಾಯಿತು’ ಅನ್ನುತ್ತಾರೆ, ನಮಗೆ ಮಾತ್ರ ಹೇಳುವುದಿಲ್ಲ. ಓಟ ಚೆನ್ನಾಗಿದೆ. ಅದಕ್ಕಿಂತ ಸೊಗಸು, ಅಂಚಿನಲ್ಲಿ ಹಳೇ ಓದುಗರು ನಡೆಸಿರುವ ಸಮಾನಾಂತರ ತನಿಖೆ. ನಡು ಪುಸ್ತಕದಲ್ಲಿ ಒಬ್ಬರು ಪೆನ್ಸಿಲಿನಲ್ಲಿ ‘ಅಡುಗೆಯವನೇ!!’ ಎಂದು ಬರೆದಿದ್ದಾರೆ. ಅದರ ಕೆಳಗೆ ನೀಲಿ ಇಂಕಿನಲ್ಲಿ ‘ಅಲ್ಲ ಸ್ವಾಮಿ, ತಮ್ಮ’. ಇನ್ನೊಂದು ಕೈಬರಹ, ‘ಇಬ್ಬರೂ ದಡ್ಡರು’. ಒಬ್ಬ ಮಹಾನುಭಾವರಿಗೆ ಕೊಲೆಯ ಗೊಡವೆಯೇ ಬೇಡ, ಅಲ್ಲೇ ಹಾಲಿನ ಲೆಕ್ಕ ಕೂಡಿಸಿದ್ದಾರೆ. ವಿಮರ್ಶೆ ಎಂದರೆ ಹೀಗಿರಬೇಕು. ಬೆನ್ನುಡಿ ಬರೆಯುವವರಿಗೆ ಇಷ್ಟು ಸ್ಪಷ್ಟ ಅಭಿಪ್ರಾಯ ಎಂದೂ ಇರುವುದಿಲ್ಲ.

ಆದರೆ ಇವರಲ್ಲಿ ಗೆದ್ದವರು ಯಾರೋ! ಕೊನೆಯ ಹಾಳೆಗಳೇ ಇಲ್ಲ.

ಗ್ರಂಥಪಾಲಕರನ್ನು ಕೇಳಿದೆ. ‘ಬೈಂಡಿಂಗಿಗೆ ದುಡ್ಡಿಲ್ಲ ಸರ್.’ ಹೊಸ ಪ್ರತಿ? ‘ಸೆಸ್ ಬರಲಿ, ನೋಡೋಣ.’

ಎಸ್ಟೇಟ್ ಮಾಲೀಕನನ್ನು ಅಲ್ಲಿಗೇ ಮರೆತೆ. ನಿಜವಾದ ಪತ್ತೇದಾರಿ ಕಥೆ ಇರುವುದು ಇಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಲೆಕ್ಕದಲ್ಲಿ ಕಂದಾಯದ ಪ್ರತಿ ರೂಪಾಯಿಗೆ 6 ಪೈಸೆ ಪುಸ್ತಕದ ಪಾಲು. ಹತ್ತು ಸಾವಿರ ಕಟ್ಟಿದರೆ ಆರು ನೂರು. ಸಾಮಾನ್ಯ ಲೇಖಕರಾದರೆ ಸುಳಿವನ್ನು ಕಾರ್ಪೆಟ್ಟಿನ ಕೆಳಗೆ ಬಚ್ಚಿಡುತ್ತಾರೆ. ನಮ್ಮ ಪಾಲಿಕೆ ಅದನ್ನು ರಸೀದಿಯಲ್ಲೇ ಅಚ್ಚು ಹಾಕಿಸಿ ನಮ್ಮ ಕೈಗೇ ಕೊಟ್ಟಿತು. ಎಂಥ ಆತ್ಮವಿಶ್ವಾಸ! ನೀವು ನಾನು ಕಂದಾಯ ತಡ ಮಾಡಿದರೆ ಬಡ್ಡಿ. ಇನ್ನೂ ತಡ ಮಾಡಿದ ದೊಡ್ಡ ಬಾಕಿದಾರರ ಕಟ್ಟಡದ ಮುಂದೆ ಇದೇ ಪಾಲಿಕೆ ಒಂದು ಕಾಲಕ್ಕೆ ತಮಟೆ ಹೊಡೆಸಿತ್ತು, ನೆನಪಿರಬೇಕು. ಪಾಲಿಕೆಯೇ ತಡ ಮಾಡಿದರೆ? ಇಲಾಖೆಯಿಂದ ಒಂದು ಜ್ಞಾಪನಾ ಪತ್ರ ಹೋಗುತ್ತದೆ. ತಮಟೆ ಹೊಡೆಸುವ ಹಾಗಿಲ್ಲ, ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡು ಅವರದೇ.

ತಿರುವು ನೋಡಿ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ, ಅಂದರೆ ಬಿಬಿಎಂಪಿಯೇ ಕಥೆಯಿಂದ ಮಾಯ. ಅದರ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆ, ಮೇಲೊಂದು ಪ್ರಾಧಿಕಾರ. ಸಾಲಗಾರ ಸತ್ತು ಐವರಾಗಿ ಹುಟ್ಟಿ ಬರುವ ಪ್ಲಾಟನ್ನು ಯಾವ ಕಾದಂಬರಿಕಾರ ಬರೆದರೂ ಪ್ರಕಾಶಕ ಬೈದು ಕಳಿಸುತ್ತಿದ್ದ. ಇನ್ನು ಹಳೇ ಬಾಕಿ ಕೇಳಲು ಹೋದವರನ್ನು ಉತ್ತರದವರು ದಕ್ಷಿಣಕ್ಕೆ ಕಳಿಸಬಹುದು, ದಕ್ಷಿಣದವರು ಊಟಕ್ಕೆ ಹೋಗಿರಬಹುದು. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ ಕೊನೆಗಾಲ ಕಳೆದದ್ದು ಇದೇ ಊರಿನಲ್ಲಿ. ಅವರ ಹುಟ್ಟುಹಬ್ಬಕ್ಕೆ ಆಗಸ್ಟ್ 12ರಂದು ತಪ್ಪದೆ ಹಾರ ಹಾಕುತ್ತೇವೆ. ಓದುಗನ ಸಮಯ ಉಳಿಸು ಎಂಬುದು ಅವರ ನಾಲ್ಕನೇ ಸೂತ್ರ. ಕೊನೆಯ ಹಾಳೆ ಕಿತ್ತು ಇಟ್ಟರೆ ಓದುಗನ ಸಮಯ ಖಂಡಿತ ಉಳಿಯುತ್ತದೆ.

ಪ್ರಕಾಶಕರದ್ದು ಬೇರೆ ಅಧ್ಯಾಯ. ಗ್ರಂಥಾಲಯಗಳಿಗೆಂದು ಇಲಾಖೆ ಮಾಡುವ ಸಗಟು ಖರೀದಿ ಎಂದರೆ ಪುಸ್ತಕ ಅಚ್ಚಾಗಿ, ಆಯ್ಕೆಯಾಗಿ, ಆದೇಶ ಬಂದು, ಬಿಲ್ ಪಾಸಾಗುವ ಹೊತ್ತಿಗೆ ಲೇಖಕನ ಮುಂದಿನ ಪುಸ್ತಕವೂ ಹಳತಾಗಿರುತ್ತದೆ.

ನಗುವುದು ಸಾಕಾಯಿತು. ಇದು ಯಾರೋ ಕೊಡುವ ಅನುದಾನವಲ್ಲ, ಕೈಸಾಲವಲ್ಲ. ಪುಸ್ತಕಕ್ಕೆಂದು ಹೆಸರು ಹೇಳಿ ಜನರಿಂದ ತೆಗೆದುಕೊಂಡ ದುಡ್ಡು. ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಳ್ಳುವ ಮಂತ್ರಿಗಳಿಗೂ ಇದು ಗೊತ್ತು. ಸ್ವಂತ ಮನೆಯಲ್ಲಿ ಓದಲು ಜಾಗವಿಲ್ಲದ ಹುಡುಗರು ಬೆಳಗ್ಗೆ ಬಾಗಿಲು ತೆರೆಯುವ ಮುಂಚೆಯೇ ಬಂದು ಶಾಖಾ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿರುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ. ಒಳಗೆ ಫ್ಯಾನು ತಿರುಗುವುದಿಲ್ಲ. ಆ ಫ್ಯಾನಿನ ದುಡ್ಡನ್ನು ಅವರ ಅಪ್ಪನೋ ಮನೆ ಓನರೋ ಕಟ್ಟಿ ವರ್ಷಗಳಾಗಿವೆ. ನಾಚಿಕೆ ಯಾರಿಗೂ ಇಲ್ಲ.

ಅಂದಹಾಗೆ ಅದೇ ರಸೀದಿಯಲ್ಲಿ ರೂಪಾಯಿಗೆ 3 ಪೈಸೆಯ ಇನ್ನೊಂದು ಸೆಸ್ ಇದೆ, ಭಿಕ್ಷುಕರ ಕಲ್ಯಾಣಕ್ಕೆ. 1975ರ ಕಾಯ್ದೆ ಭಿಕ್ಷಾಟನೆಯನ್ನು ನಿಷೇಧಿಸುತ್ತದೆ. ವರ್ಷವರ್ಷವೂ ಪಾಲಿಕೆ ಬಾಗಿಲಲ್ಲಿ ಕೈಚಾಚಿ ನಿಲ್ಲುವ ಗ್ರಂಥಾಲಯ ಅಧಿಕಾರಿಗಳನ್ನು ಅದರಡಿ ಹಿಡಿದು ಮಾಗಡಿ ರಸ್ತೆಯ ಪರಿಹಾರ ಕೇಂದ್ರಕ್ಕೆ ಸೇರಿಸಿದರೆ ಅವರಿಗಾದರೂ ಊಟ, ಬಟ್ಟೆ, ವಸತಿ ಸಿಕ್ಕೀತು ಅಂದುಕೊಂಡೆ. ವಿಚಾರಿಸಿದರೆ ಆ ಸೆಸ್ಸೂ ಬಾಕಿಯಂತೆ.