ಸೀನ್ ಬದಲಾಯಿತು, ದನಿ ಹೋಯಿತು

ನಿನ್ನೆ ರಾತ್ರಿ ಕೊಪ್ಪಳದ ಹತ್ತಿರದ ಹಳ್ಳಿಯೊಂದರಲ್ಲಿ ಜಾತ್ರೆ ನಾಟಕ. ಗೌಡನ ಪಾತ್ರದವನು ಮೀಸೆ ತಿರುವಿ ಬಾಯಿ ತೆರೆದ. ಸೌಂಡ್ ನೋಡಿಕೊಳ್ಳುವ ನಾನು ಡಿಜಿಟಲ್ ಮಿಕ್ಸರ್‌ನಲ್ಲಿ ಸೀನ್ 12, ಅಂದರೆ ಆ ದೃಶ್ಯಕ್ಕೆಂದು ಮೊದಲೇ ಸೇವ್ ಮಾಡಿಟ್ಟ ಸೆಟ್ಟಿಂಗ್, ಒತ್ತಿದೆ. ಗೌಡನ ಬಾಯಿ ಆಡುತ್ತಿದೆ, ದನಿಯೇ ಇಲ್ಲ! ಸಂಜೆ ಸೀನ್ ಸೇವ್ ಮಾಡುವಾಗ ಆ ಮೈಕ್ ಮ್ಯೂಟ್‌ನಲ್ಲಿತ್ತು. ಎಂಥಾ ನೆನಪು ನೋಡಿ ಮಷಿನ್‌ಗೆ! ಮರೀಬೇಕಾದ್ದನ್ನೇ ನೆನಪಿಟ್ಟುಕೊಳ್ಳುತ್ತದೆ.

ಅಷ್ಟೇ ಅಲ್ಲ. ನಾಟಕದ ನಡುವೆ ತಿದ್ದಿದ ಹಾರ್ಮೋನಿಯಂ ಇಕ್ಯೂ (ದಪ್ಪ-ತೆಳು ದನಿಯ ಹದ), ಏರಿಸಿದ ತಬಲಾ, ಎಲ್ಲ ಒಂದೇ ಗುಂಡಿಗೆ ಸಂಜೆಯ ಲೆಕ್ಕಕ್ಕೆ ವಾಪಸ್. ದನಿ ಏರಿಸಿ ಇಳಿಸುವ ಫೇಡರ್‌ಗಳು ದೆವ್ವ ಹೊಕ್ಕಂತೆ ಸರ್ರಂತ ತಾವೇ ಓಡಿದವು. ಸೀನ್ ಬದಲಾದರೂ ಬೇಕಾದ ಸೆಟ್ಟಿಂಗ್ ಅಲುಗದಂತೆ ಕಾಯುವ ‘ರೀಕಾಲ್ ಸೇಫ್’ ಹಾಕಬೇಕಿತ್ತಂತೆ. ಯಾವಾಗ ಹಾಕಲಿ? ನಾಟಕದವರು ಏಳಕ್ಕೆ ಬಂದು, ‘ಒಂದ್ ಹಲೋ ಅಂದ್ರ ಸಾಕು ಬಿಡ್ರಿ’ ಅಂತ ಚಹಾಕ್ಕೆ ಹೋದ ಮೇಲಾ?

ಅವರಾದರೂ ಬರೆದ ಹಾಗೆ ಆಡುತ್ತಾರಾ? ಶಿಳ್ಳೆ ಬಿದ್ದರೆ ಅದೇ ಹಾಡು ಇನ್ನೊಮ್ಮೆ. ಐನೂರು ರೂಪಾಯಿ ಆಯೇರಿ ಬಂದರೆ ಹಾಡು ನಿಲ್ಲಿಸಿ ಅನೌನ್ಸ್‌ಮೆಂಟ್. ಅದಕ್ಕೆ ಯಾವ ಸೀನ್ ಒತ್ತಲಿ?

ಜನ ಮಾತ್ರ ತಿರುಗಿ ನೋಡಿದ್ದು ನನ್ನನ್ನೇ. ಮುಂದಿನ ಸಾಲಿನ ಅಜ್ಜ ಅಂದ, ‘ಇಷ್ಟ್ ದೊಡ್ಡ ಮಷಿನ್ ತಂದಾನ, ಮೈಕ್ ಹಚ್ಚಾಕ ಬರಂಗಿಲ್ಲ.’