ಪೊಲಿಟಿಕಲ್ ಸೈನ್ಸಾ? ಎಲೆಕ್ಷನ್‌ಗೆ ನಿಲ್ತೀಯಾ?

ಅಕ್ಕನ ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ಎಕನಾಮಿಕ್ಸ್ ಮೇಜರ್. ಮೈನರ್ ಯಾವುದು ಅಂತ ಬರೆದುಕೊಡೋದು ಬಾಕಿ ಇಟ್ಟು, ರಜಕ್ಕೆ ಕೋಲಾರದ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಪೊಲಿಟಿಕಲ್ ಸೈನ್ಸ್ ತಗೋತೀನಿ ಅಂದದ್ದೇ ತಡ, ಅಕ್ಕ "ಕಂಪ್ಯೂಟರ್ ತಗೊಂಡ್ರೆ ಕೆಲಸವಾದ್ರೂ ಸಿಗುತ್ತೆ" ಅಂತ ಶುರು ಮಾಡಿದಳು. ಭಾವ ಪೇಪರಿನಿಂದ ತಲೆ ಎತ್ತದೆ, "ಎಲೆಕ್ಷನ್‌ಗೆ ನಿಲ್ತಾಳಂತೆ, ಬಿಡು" ಅಂದರು.

ಐಎಎಸ್‌ಗೆ ಅನುಕೂಲ ಅಂತ ನಾನು ನಡುವೆ ಬಾಯಿ ಹಾಕಬಹುದಿತ್ತು. ಅದು ಕೋಚಿಂಗ್ ಸೆಂಟರಿನವರ ಮಾತು. ಯಾವ ಪರೀಕ್ಷೆಯನ್ನೂ ಬರೆಯದವರಿಗೇ ಈ ವಿಷಯ ಹೆಚ್ಚು ಬೇಕು ಅನ್ನೋದು ನನ್ನ ವಾದ.

ನಮ್ಮ ಕೆರೆಗಳನ್ನೇ ನೋಡಿ. 2018ರಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಮೊದಲು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವ ಯೋಜನೆ. ಸಾವಿರ ಅಡಿ ಕೊರೆಸಿದರೂ ಧೂಳೇ ಬರುತ್ತಿದ್ದ ಸೀಮೆ ಇದು. ಕೆರೆ ತುಂಬಿದ್ದಕ್ಕೆ ಖುಷಿಪಟ್ಟವರೂ ಇದ್ದಾರೆ, ನೊರೆ ಕಂಡು ಗಾಬರಿಯಾದವರೂ ಇದ್ದಾರೆ. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಕೂಗು ಇನ್ನೂ ನಿಂತಿಲ್ಲ.

ಹುಡುಗಿ ಫೋನಲ್ಲಿ ಸಂವಿಧಾನ ತೆಗೆದು ನನ್ನ ಮುಂದೆ ಹಿಡಿದಳು. "ಮಾಮ, ಹನ್ನೊಂದನೇ ಅನುಸೂಚಿ ನೋಡು. ಪಂಚಾಯಿತಿಗೆ ಕೊಡಬಹುದಾದ 29 ವಿಷಯ. ಮೂರನೆಯದೇ ಸಣ್ಣ ನೀರಾವರಿ. ಕೆಳಗೆ ಕುಡಿಯೋ ನೀರೂ ಇದೆ. ಈ ನೀರು ಬಿಡೋಕೆ ಮುಂಚೆ ನಮ್ಮೂರಲ್ಲಿ ಯಾರನ್ನ ಕೇಳಿದ್ರು?"

ನಾನು ಬಿ.ಕಾಂ. 1993ರಿಂದ ಜಾರಿಯಲ್ಲಿರುವ ಈ ಪಟ್ಟಿಯನ್ನು ಅವತ್ತೇ ಮೊದಲು ನೋಡಿದ್ದು. ಗ್ರಾಮಸಭೆಗೆ ಹೋಗಿದ್ದೂ ಒಂದೇ ಸಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಟೊಮೆಟೊ ಹರಾಜಿಗೆ ಹೊತ್ತಾಯ್ತು ಅಂತ ಎದ್ದು ಬಂದಿದ್ದೆ.

ಸ್ಕೋರಿಂಗ್ ಸಬ್ಜೆಕ್ಟ್ ಅಂತ ತಗೊಂಡು, ರಾಜ್ಯಪಾಲರ ಅಧಿಕಾರಗಳನ್ನು ಗೈಡ್ ನೋಡಿ ಉರು ಹೊಡೆಯೋದಾದರೆ ಮಾತ್ರ ಬೇಡವೇ ಬೇಡ. ಅಂದಹಾಗೆ, 2021ರಲ್ಲಿ ನಮ್ಮ ರಾಜ್ಯಕ್ಕೆ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ ಡಿಗ್ರಿ ಬಂತು. ಸರ್ಕಾರ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷ. ರಾಜಕೀಯ ನಮಗ್ಯಾಕೆ ಅನ್ನೋ ಅಪ್ಪ-ಅಮ್ಮಂದಿರು ಆ ಎರಡೂ ಸಲ ಫೀಸು ಕಟ್ಟಿದ್ದಾರೆ.

ಭಾವ ಕೊನೆಗೂ ಪೇಪರ್ ಮಡಚಿದರು. "ಕೆರೆ ಹೂಳು ತೆಗೆದ ಬಿಲ್ಲು ಕೇಳೋಕಾಗುತ್ತಾ ಅದ್ರಲ್ಲಿ?"

"ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಂದುಕೊಡಪ್ಪ, ಆರ್‌ಟಿಐ ಅರ್ಜಿ ಇವತ್ತೇ ಬರೀತೀನಿ" ಅಂದಳು.