ಗಿಡಕ್ಕೆ ಹೆಸರಿದ್ದರೆ ಸಾಲದು, ಊರೂ ಬೇಕು

ಧಾರವಾಡ, ಗದಗ, ಹಾವೇರಿ ಕಡೆ ಬಾಟನಿ ಓದುತ್ತಿರುವ ಹುಡುಗ ಹುಡುಗಿಯರನ್ನು ಮುಂದೇನು ಎಂದು ಕೇಳಿ. ಬಿ.ಎಡ್ ಇಲ್ಲವೇ ಬ್ಯಾಂಕ್ ಪರೀಕ್ಷೆ ಅನ್ನುತ್ತಾರೆ. ಸಸ್ಯೋದ್ಯಾನಗಳಲ್ಲಿ ಅಪರೂಪದ ಗಿಡಗಳನ್ನು ಉಳಿಸುವುದೂ ಒಂದು ಉದ್ಯೋಗ. ಅದಕ್ಕೆ ಬೇಕಾದ ಕೈಕೆಲಸ ಬರೀ ತರಗತಿಯಲ್ಲಿ ಸಿಗುವುದಿಲ್ಲ, ಅದಕ್ಕೇ ಈ ಬರಹ.

ಪಾರ್ಕಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ಒಂದು ರಿಜಿಸ್ಟರು. ಒಳಗೆ ಬಂದ ಪ್ರತಿ ಗಿಡಕ್ಕೂ 2025-0042 ಎಂಬಂಥ ಸಂಖ್ಯೆ ಬೀಳಬೇಕು. ಬೀಜ ಯಾವ ಊರಿನದು, ಕಾಡಿನದೋ ನರ್ಸರಿಯದೋ, ಎಷ್ಟು ತಾಯಿಮರಗಳಿಂದ ಬಂತು, ಯಾರು ಯಾವತ್ತು ತಂದರು ಎಲ್ಲವೂ ಅದರ ಮುಂದೆ ಇರಬೇಕು. ಮೂಲ ಗೊತ್ತಿಲ್ಲದ ಗಿಡ ನೆರಳು ಕೊಟ್ಟೀತು, ಕಾಡಿಗೆ ಮರಳಿಸಲು ಬಾರದು. ಫಲಕದ ಮೇಲೂ ಹೆಸರಿನ ಜೊತೆ ಈ ಸಂಖ್ಯೆ ಇರಲಿ, ಯಾಕೆಂದರೆ ಹೆಸರು ಬದಲಾಗುತ್ತದೆ. ನಮ್ಮ ಎರೆ ಹೊಲದ ಕರಿಜಾಲಿ ಮೊದಲು ಅಕೇಶಿಯ ನಿಲೋಟಿಕ ಆಗಿತ್ತು, ಈಗ ವಚೇಲಿಯ ನಿಲೋಟಿಕ. ಫಲಕವನ್ನು ಮೊಳೆ ಹೊಡೆದು ಬಿಗಿಯಬೇಡಿ, ಕಾಂಡ ದಪ್ಪವಾದಂತೆ ಮರ ಅದನ್ನು ನುಂಗುತ್ತದೆ.

ಬೀಜ ಸಂಗ್ರಹದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ರಸ್ತೆ ಬದಿಯ ಒಂದೇ ಮರದಿಂದ ಚೀಲ ತುಂಬಿಸುತ್ತಾರೆ. ಆಗ ಸಸಿಗಳೆಲ್ಲ ಒಂದೇ ತಾಯಿಯ ಮಕ್ಕಳಾಗಿ ವೈವಿಧ್ಯ ಉಳಿಯದು. ಸಾಧ್ಯವಿದ್ದರೆ 50 ಗಿಡಗಳಿಂದ ತೆಗೆದುಕೊಳ್ಳಿ. ಆ ದಿನ ಹಣ್ಣಾಗಿರುವ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ಮುಟ್ಟಬೇಡಿ. ಬಟ್ಟೆ ಅಥವಾ ಕಾಗದದ ಚೀಲವೇ ಆಗಲಿ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಗದಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಲಿಖಿತ ಅನುಮತಿ ಇಲ್ಲದೆ ಅಲ್ಲಿಂದ ಒಂದು ಬೇರೂ ತರುವಂತಿಲ್ಲ.

ಜಾಲಿಯಂಥ ಬೀಜವನ್ನು 15 ಡಿಗ್ರಿ ಸೆಲ್ಸಿಯಸ್, ಶೇ. 15 ತೇವಾಂಶದ ಗಾಳಿಯಲ್ಲಿ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟರೆ ದಶಕಗಟ್ಟಲೆ ಬದುಕುತ್ತದೆ. ಹಲಸು, ಮಾವು, ನೇರಳೆ ಹಾಗಲ್ಲ, ಒಣಗಿದರೆ ಸತ್ತವು. ಇವನ್ನು ಬೀಜದ ರೂಪದಲ್ಲಿ ಹೀಗೆ ಕೂಡಿಡಲಾಗದು, ಬೆಳೆದು ನಿಂತ ಮರವಾಗಿಯೇ ಕಾಪಾಡಬೇಕು. ಉದ್ಯಾನ ಬೇಕೇ ಬೇಕು ಎನ್ನಲು ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ.

ಕೈ ಪಳಗಿಸಲು ಶ್ರೀಗಂಧ ಒಳ್ಳೆಯ ಗುರು. ಹೊಸ ಬೀಜಕ್ಕೆ ಸುಮಾರು ಎರಡು ತಿಂಗಳ ನಿದ್ದೆ. ಆ ನಿದ್ದೆ ಬಿಡಿಸಿ ಮೊಳಕೆ ಎಬ್ಬಿಸುವ ಸಸ್ಯ ಹಾರ್ಮೋನು ಜಿಬ್ಬರೆಲಿಕ್ ಆಮ್ಲ 500 ಪಿಪಿಎಂ, ಅಂದರೆ ಲೀಟರಿಗೆ 500 ಮಿಲಿಗ್ರಾಂ, ಅದರಲ್ಲಿ ರಾತ್ರಿಯಿಡೀ ನೆನೆಸಿ. ಪುಡಿ ನೇರವಾಗಿ ನೀರಿನಲ್ಲಿ ಸರಿಯಾಗಿ ಕರಗದು, ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿ. ಬರೀ ಎರೆ ಮಣ್ಣಿನಲ್ಲಿ ಬಿತ್ತಬೇಡಿ, ನೀರು ನಿಂತು ಮೊಳಕೆ ಕೊಳೆಯುತ್ತದೆ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಕೊಟ್ಟಿಗೆ ಗೊಬ್ಬರ ಒಂದು ಇರಲಿ. ಸಸಿಗೆ ನಾಲ್ಕಾರು ಎಲೆ ಬಂದಾಗ ಅದೇ ಚೀಲದಲ್ಲಿ ತೊಗರಿ ಬಿತ್ತಿ. ಶ್ರೀಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಉಣ್ಣುತ್ತದೆ. ಆಸರೆ ಇಲ್ಲದ ಸಸಿ ಕೆಲವು ತಿಂಗಳಲ್ಲಿ ಹಳದಿಗಟ್ಟುತ್ತದೆ, ಗೊತ್ತಿಲ್ಲದವರು ಗೊಬ್ಬರ ಸುರಿಯುತ್ತಾರೆ. ಇತ್ತ ತೊಗರಿಯನ್ನು ಆಗಾಗ ಚಿವುಟದಿದ್ದರೆ ಅದೇ ಸಸಿಯನ್ನು ಮುಚ್ಚಿಬಿಡುತ್ತದೆ.

ಇನ್ನು ದಾರಿಗಳು. ಬಾಟನಿಯವರು ಎಂಎಸ್ಸಿ ಮಾಡಿ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಗಿಟ್ಟಿಸಿದರೆ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಬಾಟನಿಸ್ಟ್ ಹುದ್ದೆಗೆ ಯುಪಿಎಸ್‌ಸಿ. ತೋಟಗಾರಿಕೆ ಇಲಾಖೆಯತ್ತ ಮನಸ್ಸಿದ್ದವರು ಪಿಯುಸಿ ಮುಗಿದ ಕೂಡಲೇ ಬಾಗಲಕೋಟೆ ತೋಟಗಾರಿಕೆ ವಿ.ವಿ.ಯ ಪದವಿ ಕಡೆ ನೋಡಬೇಕು. ಅರಣ್ಯ ಶಾಸ್ತ್ರಕ್ಕೆ ಧಾರವಾಡ ಕೃಷಿ ವಿ.ವಿ.ಯ ಶಿರಸಿ ಕಾಲೇಜಿದೆ. ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡಲಾರೆ. ಆದರೆ ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ, ಧಾರವಾಡದ ಕೆ.ಸಿ. ಪಾರ್ಕಿನಂಥ ಜಾಗಗಳಲ್ಲೂ ಹುಲ್ಲು ಕತ್ತರಿಸುವವರ ಜೊತೆ ಸಸ್ಯ ದಾಖಲೆಗೆಂದೇ ಒಬ್ಬರು ಇರಬೇಕೆಂದು ನಾವು ಪಾಲಿಕೆಯನ್ನು ಕೇಳಲೇಬೇಕು.

ಅಲ್ಲಿಯವರೆಗೆ, ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ನೀವೇ ಗಿಡಗಳನ್ನು ಒತ್ತಿ ಒಣಗಿಸಿ, ಹೆಸರು ಗುರುತಿಸಿ ಅಂಟಿಸಿದ 25 ಹರ್ಬೇರಿಯಂ ಹಾಳೆಗಳನ್ನು ಒಯ್ಯಿರಿ. ಒಂದು ಜಾತಿಯ ಮೊಳಕೆ ಲೆಕ್ಕವೂ ಇರಲಿ: ಎಷ್ಟು ಬೀಜ ಬಿತ್ತಿದಿರಿ, ಎಷ್ಟನೇ ದಿನ ಎಷ್ಟು ಎದ್ದವು, ಏಳದೇ ಉಳಿದದ್ದನ್ನು ಕತ್ತರಿಸಿ ನೋಡಿದಾಗ ಒಳಗೆ ಏನಿತ್ತು.